ನೆತ್ತಿಯ ಕೊನೆಯ ಮೂರು ತಿರುವು

ಆರೋಗ್ಯ ಕೇಂದ್ರ
ಜುಲೈ ೩

ಪ್ರೀತಿಯ ಅಣ್ಣನಿಗೆ,

ದೊಡ್ಡಮ್ಮ ಕ್ಷೇಮವಾಗಿ ತಲುಪಿದಳು. ನಾನೂ ತಲುಪಿದೆ. ನೀನು ಮೊದಲು ವಿಚಾರಿಸುವುದು ಯಾರನ್ನೆಂದು ಗೊತ್ತಿರುವುದರಿಂದ ಈ ಕ್ರಮದಲ್ಲೇ ಬರೆದಿದ್ದೇನೆ. ನಾಲ್ಕು ತಿಂಗಳು ಗ್ಯಾರೇಜಿನ ಮೂಲೆಯಲ್ಲಿ ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿ ನೀನು ಕೊಟ್ಟ ಈ ಮುದಿ ಕಾರನ್ನು ಇಲ್ಲಿಯ ಜನವೂ ಎರಡೇ ದಿನದಲ್ಲಿ ದೊಡ್ಡಮ್ಮ ಎಂದು ಕರೆಯತೊಡಗಿದ್ದಾರೆ. ಮುಂದಿನ ದೀಪಗಳನ್ನು ನೋಡಿದರೆ ಇನ್ನೇನು ಬೈಯುತ್ತಾಳೆ ಅನ್ನಿಸುತ್ತದಂತೆ.

ದಾರಿಯ ವಿಷಯ ಹೇಳಬೇಕು. ದೊಡ್ಡ ಆಸ್ಪತ್ರೆ ಇರುವ ಪೇಟೆಗೂ ಈ ಊರಿಗೂ ನಡುವೆ ಒಂದು ಪರ್ವತದ ಬೆನ್ನಿದೆ. ದಾರಿ ಎಲ್ಲಕ್ಕಿಂತ ಎತ್ತರಕ್ಕೆ ಹೋಗಿ ಈಚೆಗೆ ಇಳಿಯುವ ಜಾಗವನ್ನು ಇಲ್ಲಿ ‘ನೆತ್ತಿ’ ಅನ್ನುತ್ತಾರೆ. ಆಚೆಯಿಂದ ಬಂದರೂ ಈಚೆಯಿಂದ ಬಂದರೂ ಅದರ ಕೊನೆಯ ಮೂರು ತಿರುವು ಒಂದೇ ಥರ ಕಡಿದು. ಪೇಟೆ ಬಿಟ್ಟ ಒಂದು ಗಂಟೆ ದೊಡ್ಡಮ್ಮ ಹಾಡುತ್ತಲೇ ಬಂದಳು. ಮರಗಳು ಮುಗಿದವು, ಪೊದೆಗಳು ಮುಗಿದವು, ಕೊನೆಗೆ ಹುಲ್ಲೂ ಮುಗಿಯಿತು. ಅಲ್ಲಿಂದ ಅವಳ ದನಿ ಇಳಿಯಿತು. ನಾಲ್ಕನೇ ಗೇರು ಮೂರಾಯಿತು, ಮೂರು ಎರಡಾಯಿತು, ಎರಡು ಒಂದಾಯಿತು. ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದಿದ್ದರೂ ಯಾರಿಗೋ ಹೇಳಿದ ಹಾಗೆ. ಕೊನೆಯ ಮೂರು ತಿರುವಿನಲ್ಲಿ ಒಂದು ಕುರಿಮಂದೆ ನನ್ನನ್ನು ದಾಟಿಕೊಂಡು ಮುಂದೆ ಹೋಯಿತು. ಕುರಿ ಕಾಯುವವನು ಕಿಟಕಿಗೆ ಬಗ್ಗಿ, “ತಳ್ಳಬೇಕಾ ಅಕ್ಕಾ?” ಅಂದ. ನಿನ್ನ ಮರ್ಯಾದೆಗೋಸ್ಕರ ಬೇಡ ಅಂದೆ.

ಹೊಗೆ ಕಪ್ಪಗಿತ್ತು. ನೆತ್ತಿಯಲ್ಲಿ ನಿಲ್ಲಿಸಿ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದೆ. ನಾಲ್ಕಕ್ಕೂ ಕಾಡಿಗೆ ಹಚ್ಚಿದಂತೆ ಒಣ ಮಸಿ. ಸುತ್ತಲೂ ಪೆಟ್ರೋಲಿನ ವಾಸನೆ. ನನಗೇಕೋ ಅವಳು ಹಸಿದಿದ್ದಾಳೆ ಅನ್ನಿಸಲಿಲ್ಲ, ಉಬ್ಬಸ ಹತ್ತಿದೆ ಅನ್ನಿಸಿತು. ನೀನೇ ಹೇಳಬೇಕು.

ಎಂಜಿನ್ ನಿಂತ ಮೇಲೆ ಅಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ನನ್ನ ಕಿವಿಯೊಳಗೆ ರಕ್ತ ಹರಿಯುವುದು ಕೇಳಿಸುತ್ತಿತ್ತು. ಮಧ್ಯಾಹ್ನದ ಆಕಾಶ ನೀಲಿಯನ್ನು ದಾಟಿ ಕಪ್ಪಿಗೆ ತಿರುಗಿತ್ತು. ಒಂದು ಹಿಮದ ಸಾಲಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಯಾರೂ ನೋಡದಿದ್ದರೂ ಇವು ಹೀಗೇ ನಿಂತಿರುತ್ತಿದ್ದವು ಎಂದು ಹೊಳೆದಾಗ ಒಂಥರಾ ಭಯವಾಯಿತು, ಭಯದ ಜೊತೆಗೇ ಸಮಾಧಾನವೂ ಆಯಿತು. ಆ ಎರಡೂ ಒಟ್ಟಿಗೆ ಬರಬಹುದೆಂದು ನನಗೆ ಗೊತ್ತಿರಲಿಲ್ಲ.

ಬೇಗ ಉತ್ತರ ಬರಿ. ಅವಸರ ಯಾಕೆಂದರೆ, ಈ ಊರಿನ ಟೀಚರಮ್ಮ ಬಸುರಿ. ಹಿಂದೆ ಎರಡು ಸಲ, ನೆತ್ತಿ ದಾಟಿ ಆಸ್ಪತ್ರೆಗೆ ಹೋಗಲಾಗದೆ ಮಗುವನ್ನು ಕಳೆದುಕೊಂಡಿದ್ದಾಳೆ. ಅಕ್ಟೋಬರ್ ಮೊದಲ ವಾರ ಮೂರನೆಯದು. ದೊಡ್ಡಮ್ಮನನ್ನು ನೋಡಿದ ದಿನ ಅವಳು ಬಾನೆಟ್ಟಿನ ಮೇಲೆ ಕೈಯಿಟ್ಟು, “ಇದು ನನ್ನನ್ನ ದಾಟಿಸತ್ತಾ ಸಿಸ್ಟರ್?” ಅಂತ ಕೇಳಿದಳು. ದಾಟಿಸತ್ತೆ ಅಂದುಬಿಟ್ಟಿದ್ದೇನೆ.

ಅತ್ತಿಗೆಗೆ ನಮಸ್ಕಾರ.
ನಿನ್ನ ತಂಗಿ


ಗ್ಯಾರೇಜು
ಜುಲೈ ೧೭

ಗುಬ್ಬೀ,

ನಿನ್ನ ಪತ್ರ ಹನ್ನೆರಡು ದಿನಕ್ಕೆ ಬಂತು. ಕುರಿ ಕೈಲಿ ಕಳಿಸಿದ್ರೆ ಇನ್ನೂ ಬೇಗ ಬರ್ತಿತ್ತೇನೋ.

ನೋಡು, ಎಂಜಿನ್ನಲ್ಲಿ ದೋಷ ಇಲ್ಲ. ಪಿಸ್ಟನ್ನಿಂದ ಹಿಡಿದು ಎಲ್ಲ ನನ್ನ ಕೈಯಾರೆ ಕೂರಿಸಿದ್ದು. ಒಂದೋ ಆ ಪೇಟೆಯವರು ಸೀಮೆಎಣ್ಣೆ ಬೆರೆಸಿದ ಪೆಟ್ರೋಲು ಕೊಟ್ಟಿದ್ದಾರೆ, ಇಲ್ಲಾ ನೀನು ಹೆದರಿಕೊಂಡು ಕ್ಲಚ್ ಮೇಲೆ ಕಾಲಿಟ್ಟೇ ಓಡಿಸಿದ್ದೀಯ. ಚಿಕ್ಕವಳಿದ್ದಾಗಲೂ ಹಾಗೇ ಮಾಡ್ತಿದ್ದೆ.

ಆದ್ರೂ ಒಂದು ಉಪಾಯ ಇದೆ. ಗಾಡಿ ಏರಲ್ಲಿ ಸೋತರೆ ಅದಕ್ಕೆ ಹೊಟ್ಟೆಗೆ ಸಾಲ್ತಿಲ್ಲ ಅಂತ ಅರ್ಥ. ಲಕೋಟೆಯಲ್ಲಿ ಹಿತ್ತಾಳೆಯ ಜೆಟ್ ಇಟ್ಟಿದ್ದೇನೆ. ಅಂಗಿ ಗುಂಡಿಗಿಂತ ಚಿಕ್ಕದು, ನಡುವೆ ತೂತು. ಕಾರ್ಬುರೇಟರ್ ಒಳಗೆ ಪೆಟ್ರೋಲು ಈ ತೂತಿನಿಂದಲೇ ಬರೋದು. ಈಗಿರೋದಕ್ಕಿಂತ ಇದರ ತೂತು ದೊಡ್ಡದು. ಹಳೇದು ತೆಗೆದು ಇದನ್ನ ಹಾಕು. ಹೊಟ್ಟೆ ತುಂಬ ಕುಡಿದ ಮೇಲೆ ದೊಡ್ಡಮ್ಮ ಹೇಗೆ ಏರಲ್ಲ ನೋಡ್ತೀನಿ.

ಇನ್ನೊಂದು ಮಾತು. ಪತ್ರದ ತುಂಬ ಕಲೆ, ಅಕ್ಷರ ಎಲ್ಲ ಕದಡಿಹೋಗಿದೆ. ನಿನ್ನ ಅತ್ತಿಗೆ ನೋಡಿದವಳೇ, “ಹುಡುಗಿ ಅತ್ತುಕೊಂಡು ಬರೆದಿದ್ದಾಳೆ ಕಣ್ರೀ” ಅಂದಳು. ಅಷ್ಟು ಕಷ್ಟ ಇದ್ರೆ ಬಂದುಬಿಡು. ಇಲ್ಲೂ ಹೆರಿಗೆ ಆಗತ್ತೆ.

ನಿನ್ನಣ್ಣ


ಆರೋಗ್ಯ ಕೇಂದ್ರ
ಆಗಸ್ಟ್ ೨

ಪ್ರೀತಿಯ ಅಣ್ಣನಿಗೆ,

ಅತ್ತಿಗೆಗೆ ಹೇಳು, ಅದು ಕಣ್ಣೀರಲ್ಲ, ಶಾಯಿ. ಇಲ್ಲಿ ಪೆನ್ನಿನ ಮುಚ್ಚಳ ತೆಗೆದ ಕೂಡಲೇ ಶಾಯಿ ತಾನಾಗಿ ಹೊರಗೆ ಬರುತ್ತದೆ. ಬಿಸ್ಕತ್ತಿನ ಪೊಟ್ಟಣಗಳು ದಿಂಬಿನ ಹಾಗೆ ಉಬ್ಬಿಕೊಂಡಿವೆ. ನೀರು ಬೇಗ ಕುದಿಯುತ್ತದೆ, ಆದರೆ ಚಹಾದೆಲೆ ಬಣ್ಣ ಬಿಡುವುದಿಲ್ಲ. ಕೆಳಗೆ ನಾವು ಏನೂ ಇಲ್ಲ ಎಂದುಕೊಂಡಿದ್ದ ಜಾಗದಲ್ಲಿ ಏನೋ ಇತ್ತು ಅಣ್ಣಾ. ನಮ್ಮ ಹೆಗಲ ಮೇಲೆ, ಪೆನ್ನಿನ ಬಾಯಿಯ ಮೇಲೆ, ಪಾತ್ರೆಯ ನೀರಿನ ಮೇಲೆ ಯಾರೋ ಕೈಯಿಟ್ಟಿದ್ದರು. ಇಲ್ಲಿ ಆ ಕೈ ತೆಗೆದಿದ್ದಾರೆ. ತೆಗೆದ ಮೇಲೇ ಅದು ಇದ್ದದ್ದು ತಿಳಿದದ್ದು. ಬೆಳಿಗ್ಗೆ ಬಾಗಿಲು ತೆರೆದು ನಿಂತು ಉಸಿರೆಳೆದುಕೊಳ್ಳುವಾಗೆಲ್ಲ ಇದೇ ಯೋಚನೆ.

ಜೆಟ್ ತಲುಪಿತು. ಮರುದಿನವೇ ಹಾಕಿದೆ. ಊರೊಳಗಿನ ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಿದೆ, ಪರವಾಗಿಲ್ಲ. ಪ್ಲಗ್ಗು ಮಾತ್ರ ಮೊದಲಿಗಿಂತ ಕಪ್ಪಾದಂತಿದೆ. ಹಾಗಾಗುವುದು ಸರಿಯೇ? ಸುಮ್ಮನೆ ಕೇಳಿದೆ. ನೀನು ಹಾಕಲು ಹೇಳಿದ ಮೇಲೆ ಸರಿಯೇ ಇರಬೇಕು. ಹಳೆಯ ಜೆಟ್ಟನ್ನು ಔಷಧದ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದೇನೆ.

ಟೀಚರಮ್ಮನ ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ. ಇನ್ನೂ ತಿರುಗಲು ಸಮಯವಿದೆ, ತಿರುಗದಿದ್ದರೆ ಆಪರೇಷನ್ ಮಾಡಿಯೇ ತೆಗೆಯಬೇಕು. ಸೆಪ್ಟೆಂಬರ್ ಇಪ್ಪತ್ತಕ್ಕೆ ಅವಳನ್ನು ಪೇಟೆಗೆ ಕರೆದೊಯ್ದು ಬಿಡುವುದೆಂದು ಗೊತ್ತುಮಾಡಿದ್ದೇವೆ. ಅವಳ ಅತ್ತೆ ಊರಿನಲ್ಲೆಲ್ಲ ಬಾಯಿಗೆ ಹೆಸರಾದ ಹೆಂಗಸು. ನನ್ನನ್ನು ಕೇಳಿದರು: “ನಿನ್ನ ಕಾರು ಹತ್ತತ್ತೋ, ಇಲ್ಲ ನಾನು ಸೊಸೇನ ಬೆನ್ನ ಮೇಲೆ ಹೊತ್ಕೊಂಡು ಹೋಗ್ಲೋ? ಈಗಲೇ ಹೇಳಿದ್ರೆ ಅಭ್ಯಾಸ ಮಾಡ್ಕೋತೀನಿ.”

ನಕ್ಕೆ. ಆಮೇಲೆ ತುಂಬ ಹೊತ್ತು ನಗು ಬರಲಿಲ್ಲ.

ನಿನ್ನ ತಂಗಿ


ಗ್ಯಾರೇಜು
ಆಗಸ್ಟ್ ೨೦

ಗುಬ್ಬೀ,

ಮೊದಲು ಕೆಲಸದ ಮಾತು. ನಾನು ಕಳಿಸಿದ ದೊಡ್ಡ ಜೆಟ್ಟನ್ನ ಈ ಪತ್ರ ಓದಿದ ಕೂಡಲೇ ತೆಗೆದು ಬಿಸಾಕು. ಇದರಲ್ಲಿ ಇನ್ನೊಂದು ಇದೆ, ತೂತು ಚಿಕ್ಕದು. ಅದನ್ನ ಹಾಕು. ಆಮೇಲೆ ಮುಂದಕ್ಕೆ ಓದು.

ನಿನ್ನೆ ಬ್ರೇಕ್ ಕೆಲಸಕ್ಕೆ ಒಬ್ಬ ವಯಸ್ಸಾದ ಲಾರಿ ಡ್ರೈವರ್ ಬಂದಿದ್ದ. ಹದಿನಾರು ವರ್ಷ ನಿಮ್ಮ ಕಡೆಯ ಬೆಟ್ಟಗಳಲ್ಲಿ ಓಡಿಸಿದವನು. ಮಾತಿಗೆ ಮಾತು ಬಂದು ದೊಡ್ಡಮ್ಮನ ಕತೆ ಹೇಳಿದೆ. ದೊಡ್ಡ ಜೆಟ್ ಕಳಿಸಿದೆ ಅಂದ ತಕ್ಷಣ ಕುಡೀತಿದ್ದ ಚಹಾ ಕೆಳಗಿಟ್ಟ.

“ಏನ್ ಯಜಮಾನ್ರೇ, ತಂಗಿ ಮೇಲೆ ಏನಾದ್ರೂ ದ್ವೇಷ ಇದ್ಯಾ?”

“ಯಾಕಯ್ಯಾ?”

“ಅಲ್ಲಿ ಗಾಳಿಯೇ ತೆಳು. ನಮ್ಮಲ್ಲಿರೋದ್ರಲ್ಲಿ ಅರ್ಧಕ್ಕಿಂತ ಚೂರು ಜಾಸ್ತಿ ಇರ್ಬಹುದು ಅಷ್ಟೇ. ಪೆಟ್ರೋಲು ಉರೀಬೇಕಾದ್ರೆ ಗಾಳಿ ಬೇಡವಾ? ಗಾಳಿ ಕಮ್ಮಿಯಾದ ಕಡೆ ಪೆಟ್ರೋಲೂ ಕಮ್ಮಿ ಮಾಡ್ಬೇಕು. ನೀವು ಮೂಗು ಕಟ್ಟಿದವಳ ಬಾಯಿಗೆ ಇನ್ನೊಂದು ತುತ್ತು ತುರುಕಿದ್ದೀರ.”

ಅವನು ಹೋದ ಮೇಲೆ ನಿನ್ನ ಮೊದಲ ಪತ್ರ ತೆಗೆದು ಓದಿದೆ. ಮಸಿ ಅಂತ ಬರೆದಿದ್ದೀಯ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಅಂತ ಬರೆದಿದ್ದೀಯ. ಹಸಿವಲ್ಲ, ಉಬ್ಬಸ ಅಂತಲೂ ಬರೆದಿದ್ದೀಯ. ಇನ್ನೇನು ಹೇಳಬೇಕಿತ್ತು ನೀನು? ಎಲ್ಲ ಕಾಗದದ ಮೇಲೇ ಇತ್ತು. ನನ್ನ ಕಣ್ಣಿಗೆ ಬಿದ್ದದ್ದು ಕುರಿ ಮಾತ್ರ.

ಮೂವತ್ತು ವರ್ಷದಿಂದ ಪೆಟ್ರೋಲನ್ನ ಅಳೀತಾ ಬಂದೆ ಗುಬ್ಬೀ. ಗಾಳಿ ಇರತ್ತೆ ಬಿಡು ಅಂದುಕೊಂಡಿದ್ದೆ. ಈ ಸಮುದ್ರದ ದಡದಲ್ಲಿ ಅದು ಬೇಡ ಅಂದ್ರೂ ಬಾಗಿಲು ದೂಡಿಕೊಂಡು ಒಳಗೆ ಬರತ್ತೆ.

ಕೂಡಲೇ ಉತ್ತರ ಬರಿ.

ಅಣ್ಣ


ಗ್ಯಾರೇಜು
ಸೆಪ್ಟೆಂಬರ್ ೮

ಗುಬ್ಬೀ,

ಉತ್ತರ ಬರೋ ದಿನ ಇನ್ನೂ ಆಗಿಲ್ಲ, ಬರೋ ಹಾಗೂ ಇಲ್ಲ. ಪೇಟೆಯ ಕೆಳಗೆ ಗುಡ್ಡ ಜಾರಿ ರಸ್ತೆ ಮುಚ್ಚಿದೆ, ಟಪಾಲೂ ನಿಂತಿದೆ ಅಂತ ಪೇಪರಿನಲ್ಲಿತ್ತು. ಅಂದ್ರೆ ಚಿಕ್ಕ ಜೆಟ್ ದಾರಿಯಲ್ಲೇ ಎಲ್ಲೋ ಚೀಲದಲ್ಲಿದೆ, ದೊಡ್ಡದು ಗಾಡಿಯಲ್ಲಿದೆ.

ತಂತಿ ಕೊಡೋಕೆ ಹೋಗಿದ್ದೆ. ತಂತಿ ಪೇಟೆವರೆಗೆ ಮಾತ್ರವಂತೆ, ಆಚೆಗೆ ಕಂಬಗಳೇ ಇಲ್ಲವಂತೆ. ಇರಲಿ, ಪೇಟೆಗೇ ಕೊಡಿ ಅಂದೆ. ‘ದೊಡ್ಡದು ತೆಗೆ, ಹಳೇದು ಹಾಕು’ ಅಂತ ಬರೆದೆ. ಗುಮಾಸ್ತ ಎರಡು ಸಲ ಓದಿ, “ಇದು ಯಾರಾದ್ರೂ ಓದಿದ್ರೆ ಏನಂದ್ಕೊಳ್ಳಲ್ಲ ರೀ?” ಅಂದ. ಏನಾದ್ರೂ ಅಂದ್ಕೊಳ್ಳಲಿ, ಕಳ್ಸಿ ಅಂದೆ.

ನಿನ್ನ ಅತ್ತಿಗೆ ಕ್ಯಾಲೆಂಡರಿನಲ್ಲಿ ಇಪ್ಪತ್ತನೇ ತಾರೀಕಿಗೆ ಗುರುತು ಹಾಕಿದ್ದಾಳೆ. ನನಗೆ ಅದನ್ನ ನೋಡೋಕಾಗ್ತಿಲ್ಲ. ಗ್ಯಾರೇಜಿನಲ್ಲಿ ಯಾವ ಗಾಡಿ ಕೆಮ್ಮಿದರೂ ಎದ್ದು ನಿಲ್ತೀನಿ.

ನನ್ನ ಮಾತು ಕೇಳಬೇಡ ಅಂತ ಜೀವಮಾನದಲ್ಲಿ ನಿನಗೆ ಹೇಳಿರಲಿಲ್ಲ. ಈಗ ಹೇಳ್ತಿದ್ದೀನಿ. ಈ ಪತ್ರ ಸಿಗಲಿ ಬಿಡಲಿ, ಕೇಳಬೇಡ.

ಅಣ್ಣ


ಪೇಟೆಯ ಆಸ್ಪತ್ರೆ
ಸೆಪ್ಟೆಂಬರ್ ೧೯

ಪ್ರೀತಿಯ ಅಣ್ಣನಿಗೆ,

ರಸ್ತೆ ನಿನ್ನೆ ತೆರೆಯಿತು. ನಿನ್ನ ಎರಡು ಪತ್ರ, ಒಂದು ತಂತಿ ಎಲ್ಲ ಒಟ್ಟಿಗೆ ಇಲ್ಲಿಯ ಅಂಚೆ ಕಚೇರಿಯಲ್ಲಿ ಸಿಕ್ಕವು. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತು ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಸಾಲು ಹಾರಿಸಿ ಕೊನೆಗೆ ಹೋಗುತ್ತೀಯ: ತಾಯಿ, ಮಗಳು ಇಬ್ಬರೂ ಚೆನ್ನಾಗಿದ್ದಾರೆ.

ಹದಿನಾರರ ಬೆಳಿಗ್ಗೆ ಏಳು ಗಂಟೆಗೆ ಟೀಚರಮ್ಮನ ನೀರಿನ ಚೀಲ ಒಡೆಯಿತು, ದಿನಕ್ಕೆ ಇನ್ನೂ ಮೂರು ವಾರವಿರುವಾಗಲೇ. ಮಗು ಅಡ್ಡವೇ ಇತ್ತು. ಹಾಗಿರುವಾಗ ಕಾಯುವಂತಿಲ್ಲ. ಹಿಂದಿನ ಸೀಟಿನಲ್ಲಿ ಸೊಂಟದ ಕೆಳಗೆ ದಿಂಬು ಕೊಟ್ಟು ಮಲಗಿಸಿದೆವು. ಅವಳ ಅತ್ತೆ ಮುಂದೆ ಕೂತರು.

ಹುಲ್ಲು ಮುಗಿಯುವ ಜಾಗವನ್ನೂ ಮುಟ್ಟಲಿಲ್ಲ ಅಣ್ಣಾ. ದೊಡ್ಡಮ್ಮ ಎರಡು ಸಲ ಕೆಮ್ಮಿ, ಕಪ್ಪಗೆ ಉಗುಳಿ, ನಿಂತುಬಿಟ್ಟಳು.

ಆಗಸ್ಟಿನ ಪತ್ರದಲ್ಲಿ ‘ಪರವಾಗಿಲ್ಲ’ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ನಿನ್ನ ಜೆಟ್ ಹಾಕಿದ ದಿನವೇ ಅವಳ ದನಿ ದಪ್ಪಗಾಗಿತ್ತು, ನನ್ನ ಕಿವಿಗೆ ಅದು ಗೊತ್ತಾಗಿತ್ತು. ನಾಲ್ಕು ತಿಂಗಳು ನನಗಾಗಿ ದುಡಿದವನಿಗೆ ನೀನು ತಪ್ಪಿದೆ ಎಂದು ಬರೆಯಲು ಕೈ ಬರಲಿಲ್ಲ. ನಿನ್ನನ್ನು ನೋಯಿಸಬಾರದೆಂದು ಇನ್ನೊಬ್ಬಳ ಮಗುವನ್ನು ಪಣಕ್ಕಿಟ್ಟಿದ್ದೆ. ಆ ಬಯಲಿನಲ್ಲಿ, ಬಾನೆಟ್ ಎತ್ತಿ ನಿಂತಾಗ, ಇದು ಇದ್ದಕ್ಕಿದ್ದಂತೆ ತಿಳಿಯಿತು. ನಿನ್ನ ಮಾತು, ನನ್ನ ಕಿವಿ, ಎರಡರಲ್ಲಿ ಒಂದನ್ನು ಹಿಡಿಯಬೇಕಿತ್ತು.

ಔಷಧದ ಪೆಟ್ಟಿಗೆಯಿಂದ ಹಳೆಯ ಜೆಟ್ ತೆಗೆದೆ. ಕಾರ್ಬುರೇಟರ್ ಬಿಚ್ಚಿ ಬದಲಾಯಿಸಲು ಹದಿನೈದು ನಿಮಿಷ ಹಿಡಿಯಿತು. ಪ್ಲಗ್ಗುಗಳನ್ನು ಉಜ್ಜಿದೆ. ಉಬ್ಬಸದವರಿಗೆ ಮೊದಲು ಕಿಟಕಿ ತೆರೆಯುತ್ತೇವಲ್ಲ, ಹಾಗೆ ಗಾಳಿ ಸೋಸುವ ಡಬ್ಬಿಯ ಮುಚ್ಚಳವನ್ನೂ ಕಿತ್ತಿಟ್ಟೆ. ಅತ್ತೆ ಸೊಸೆಯ ಕೈ ಹಿಡಿದುಕೊಂಡೇ, “ನೀನು ಹೆರಿಗೆ ಮಾಡ್ಸೋಕೆ ಬಂದವಳೋ, ಇದನ್ನ ಕುಯ್ಯೋಕೆ ಬಂದವಳೋ?” ಅಂದರು. ಟೀಚರಮ್ಮ ಆ ನೋವಿನಲ್ಲೂ ನಕ್ಕಳು.

ದೊಡ್ಡಮ್ಮ ಎದ್ದಳು. ಹಾಡಲಿಲ್ಲ, ಆದರೆ ನಡೆದಳು. ಕೊನೆಯ ಮೂರು ತಿರುವಿನವರೆಗೆ ನಡೆದಳು. ಅಲ್ಲಿ ಒಂದನೇ ಗೇರಿನಲ್ಲೂ ಆಗುವುದಿಲ್ಲ ಎಂದು ನಡುಗುತ್ತ ನಿಂತಳು.

ಕೆಲವು ಹಳೆಯ ಕಾರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಎಳೆಯುವುದು ರಿವರ್ಸ್ ಗೇರೇ ಎಂದು ನಿನ್ನ ಗ್ಯಾರೇಜಿನಲ್ಲಿ ಕೇಳಿದ್ದು ನೆನಪಾಯಿತು. ಅಗಲವಿದ್ದ ಕಡೆ ಕಾರನ್ನು ತಿರುಗಿಸಿದೆ. ಇನ್ನು ಹಿಂದುಹಿಂದಕ್ಕೇ ಹತ್ತಿಸುತ್ತೇನೆಂದು ಅತ್ತೆಗೆ ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, “ಕೆಲವು ಕೂಸುಗಳು ಕುಂಡೆ ಮುಂದಾಗಿಯೇ ಬರ್ತಾವೆ. ನೀನು ಕಾಣದ್ದಾ? ನಡಿ” ಎಂದು ಕೆಳಗಿಳಿದು ದಾರಿ ತೋರಿಸಲು ನಿಂತರು. ಆ ವಯಸ್ಸಿನಲ್ಲಿ, ಆ ಗಾಳಿಯಲ್ಲಿ, ಮೂರು ತಿರುವನ್ನೂ ಹಿಂದು ಹಿಂದಕ್ಕೆ ನಡೆಯುತ್ತ ಕೂಗಿದರು: “ಎಡಕ್ಕೆ! ನನ್ನೆಡ ಅಲ್ಲ ಕಣೇ, ನಿನ್ನೆಡ! ಬಾ, ಬಾ, ನನ್ನವ್ವ, ಬಾ!” ಕರೆದದ್ದು ನನ್ನನ್ನೋ ಕಾರನ್ನೋ ಗೊತ್ತಾಗಲಿಲ್ಲ.

ನಾನು ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದೆ. ಮುಂದಿನ ಗಾಜಿನಲ್ಲಿ ಏನಾಗುತ್ತಿದೆ ಎಂದು ಮೊದಲು ಕಂಡವಳು ಟೀಚರಮ್ಮ. ತಲೆ ಸ್ವಲ್ಪ ಎತ್ತಿ, “ಸಿಸ್ಟರ್, ಇದೆಲ್ಲ ನಮ್ಮೂರಾ?” ಅಂದಳು.

ಎರಡನೇ ತಿರುವಿನಲ್ಲಿ ನಾನೂ ಒಮ್ಮೆ ಮುಂದಿನ ಗಾಜಿನತ್ತ ತಿರುಗಿ ನೋಡಿದೆ. ಹತ್ತುವವರಿಗೆ ಯಾವಾಗಲೂ ಕಾಣುವುದು ಮುಂದಿನ ಬಂಡೆ. ನಾವು ಹತ್ತುತ್ತಿರುವಂತೆ ಇರಲೇ ಇಲ್ಲ. ನಾವು ನಿಂತಿದ್ದೆವು, ಭೂಮಿ ಮೆಲ್ಲಗೆ ನಮ್ಮಿಂದ ಕೆಳಗಿಳಿಯುತ್ತಿತ್ತು. ಅವಳು ಪಾಠ ಹೇಳುವ ಶಾಲೆಯ ತಗಡು ಮಿಂಚಿ, ಸಣ್ಣದಾಗಿ, ಒಂದು ಚುಕ್ಕೆಯಾಯಿತು. ನದಿ ನೂಲಾಯಿತು. ಆ ಚುಕ್ಕೆ, ಆ ನೂಲಿನ ಸುತ್ತ ಯಾವತ್ತೂ ಕಾಣದಿದ್ದ ಹತ್ತಾರು ಶಿಖರಗಳು ಒಂದೊಂದಾಗಿ ಏಳುತ್ತಿದ್ದವು. ಎರಡು ಮಕ್ಕಳನ್ನು ಇದೇ ದಾರಿಯಲ್ಲಿ ಕಳೆದುಕೊಂಡವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಷ್ಟು ಹೊತ್ತು ಅವಳು ನರಳಲಿಲ್ಲ. ನಾನು ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಹೆರಿಗೆ ಮಾಡಿಸಿದ್ದೇನೆ. ಹುಟ್ಟುವ ಜಾಗ ಇಷ್ಟು ದೊಡ್ಡದೆಂದು ನನಗೆ ಯಾರೂ ತೋರಿಸಿರಲಿಲ್ಲ.

ನೆತ್ತಿ ಮುಟ್ಟಿದಾಗ ಹನ್ನೊಂದೂವರೆ. ಆಚೆಗೆ ಬರೀ ಇಳಿಜಾರು. ಒಂದೂವರೆಗೆ ಆಪರೇಷನ್ ಕೋಣೆಯಿಂದ ಅಳು ಕೇಳಿಸಿತು. ಇಷ್ಟು ಸಣ್ಣ ಎದೆ, ಹೊರಗೆ ಬಂದ ಕೂಡಲೇ ಸಿಕ್ಕಷ್ಟು ಗಾಳಿಯನ್ನು ಎಳೆದುಕೊಂಡು, ಸಾಲದು ಎನ್ನದೆ ಅಷ್ಟರಲ್ಲೇ ಕೂಗಿತು.

ನಿನ್ನ ಚಿಕ್ಕ ಜೆಟ್ ನಾಳೆ ಹಾಕುತ್ತೇನೆ. ಅದು ಸರಿಯೋ ತಪ್ಪೋ ಈ ಸಲ ನಾನೇ ಬರೆದು ತಿಳಿಸುತ್ತೇನೆ.

ನಿನ್ನ ತಂಗಿ


ನೆತ್ತಿಯ ಮೇಲೆ
ಅಕ್ಟೋಬರ್ ೧೫

ಗುಬ್ಬೀ,

ಬಾನೆಟ್ ಮೇಲೆ ಕಾಗದ ಇಟ್ಟು ಬರೀತಿದ್ದೀನಿ. ಅಕ್ಷರ ಸೊಟ್ಟ ಇದ್ರೆ ಚಳಿಗೆ.

ನಿನಗೆ ಹೇಳದೆ ಬಂದೆ. ನಿನ್ನ ಕೇಂದ್ರಕ್ಕೆ ಬೆಳಿಗ್ಗೆ ತಲುಪಿದಾಗ ನೀನು ಗಾಡಿ ಹೋಗದ ಯಾವುದೋ ಹಳ್ಳಿಗೆ ನಡೆದು ಹೋಗಿದ್ದೀಯ, ಎರಡು ದಿನ ಬರಲ್ಲ ಅಂದ್ರು. ನಾನು ಬಂದ ಲಾರಿ ನಾಳೆ ವಾಪಸ್ಸು ಹೋಗತ್ತೆ. ಹಿಮ ಬೀಳೋಕೆ ಮುಂಚೆ ಅದೇ ಕೊನೆಯದಂತೆ. ಇಷ್ಟು ದೂರ ಬಂದು ನಿನ್ನ ಮುಖ ನೋಡದೆ ಹೋಗ್ತಿದ್ದೀನಿ. ಬೈಯಬೇಕು ಅನ್ನಿಸಿದ್ರೆ ಬೈದು ಬರಿ, ಹನ್ನೆರಡು ದಿನ ಕಾಯ್ತೀನಿ.

ಟೀಚರಮ್ಮ ಮಗು ಎತ್ತಿಕೊಂಡು ಬಂದಿದ್ದಳು. ಅವರತ್ತೆ ನನ್ನನ್ನ ಕಾಲಿಂದ ತಲೆವರೆಗೆ ನೋಡಿ, “ಓ, ತಪ್ಪು ತಿರುಪು ಕಳಿಸಿದ ಅಣ್ಣ ನೀನೇನಾ?” ಅಂದ್ರು. ನಾನೇ ಅಂದೆ. “ಕೂತ್ಕೋ, ಚಹಾ ಕುಡಿ” ಅಂದ್ರು. ಮಗೂನ ನನ್ನ ಕೈಗೆ ಕೊಟ್ಟರು. ಗ್ರೀಸ್ ಹೋಗದ ಕೈ ಅಂತ ನಾನು ಹಿಂದೆ ಸರಿದೆ, ಅವರು ಬಿಡಲಿಲ್ಲ.

ಒಂದು ವಿಷಯ ಬರೆದಿರಲಿಲ್ಲ. ನಿನ್ನ ಮೊದಲ ಪತ್ರ ಬಂದ ದಿನ ಅದನ್ನ ಗ್ಯಾರೇಜಿನಲ್ಲಿ ಎಲ್ಲರೆದುರು ಜೋರಾಗಿ ಓದಿದ್ದೆ. ಕುರಿ ದಾಟಿ ಹೋಯ್ತು, ಗಾಡಿಗೆ ಉಬ್ಬಸ ಬಂತು ಅಂತ ಓದಿ ಓದಿ ನಗಿಸಿದ್ದೆ. ನೀನು ಆ ಬಯಲಿನಲ್ಲಿ ಬಾನೆಟ್ ಎತ್ತಿದ್ದು ಓದಿದ ಮೇಲೆ ನನಗೆ ಆ ನಗು ಕೇಳಿಸೋದು ನಿಂತಿಲ್ಲ. ಅದಕ್ಕೇ ಬಂದೆ. ಕ್ಷಮಿಸು ಅನ್ನೋದನ್ನ ಅಂಚೆಯಲ್ಲಿ ಕಳಿಸೋಕೆ ಧೈರ್ಯ ಬರಲಿಲ್ಲ.

ಊಟ ಆದ ಮೇಲೆ ಬೀಗದ ಕೈ ಕೇಳಿ ತಗೊಂಡು ಒಬ್ಬನೇ ದೊಡ್ಡಮ್ಮನನ್ನ ಹತ್ತಿಸಿದೆ. ಚಿಕ್ಕ ಜೆಟ್ಟಿದ್ದರೂ ಅವಳ ಶಕ್ತಿ ಕಡಿಮೆಯೇ. ಗಾಳಿ ಇಲ್ಲದ ಕಡೆ ಯಾವ ಮೆಕ್ಯಾನಿಕ್ಕೂ ಗಾಳಿ ತಂದು ಹಾಕಲಾರ. ಹುಲ್ಲು ಮುಗೀತು. ದನಿ ಇಳೀತು. ನಾನೂ ರೇಡಿಯೋ ಕೇಳೋರ ಹಾಗೆ ಕಿವಿ ಕೊಟ್ಟೆ. ಸಣ್ಣ ದನಿ, ಆದರೆ ಶುದ್ಧ. ಒಂದನೇ ಗೇರಿನಲ್ಲಿ ಮೂರು ತಿರುವನ್ನೂ ಮುಂದೆ ನೋಡಿಕೊಂಡೇ ಹತ್ತಿದಳು.

ಇಳಿದು ಆರು ಹೆಜ್ಜೆ ಇಟ್ಟೆ, ಏಳನೆಯದಕ್ಕೆ ಉಸಿರಿರಲಿಲ್ಲ. ಬಾಗಿಲು ಹಿಡಿದು ನಿಂತೆ. ಎದುರಿಗೆ ಅದೆಲ್ಲ ಇತ್ತು. ನೀನು ಬರೆದದ್ದು ಓದಿದ್ದರೂ ನನಗೆ ಏನೂ ಗೊತ್ತಿರಲಿಲ್ಲ ಗುಬ್ಬೀ. ಅದನ್ನ ಹೇಗೆ ಬರೆಯೋದು ಅಂತ ಒಂದು ಗಂಟೆಯಿಂದ ನೋಡ್ತಿದ್ದೀನಿ, ನನಗೆ ಬರಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡೆ, ಯಾಕೆ ಅಂತ ಗೊತ್ತಿಲ್ಲ. ಇಷ್ಟು ಮಾತ್ರ ಬರೆದು, ಗಾಡೀನ ಊರಿಗೆ ಇಳಿಸಿದ ಮೇಲೆ ಈ ಕಾಗದವನ್ನ ನಿನ್ನ ಸೀಟಿನ ಮೇಲಿಡ್ತೀನಿ: ಇಲ್ಲಿ ದೊಡ್ಡಮ್ಮ ನಿಲ್ಲಲಿಲ್ಲ. ನಾನೇ ನಿಲ್ಲಿಸಿದೆ.

ಅಣ್ಣ